ಹಸಿಗೋಡೆಯ ಚಿತ್ರ, ಒಣಗೋಡೆಯ ಚಿತ್ರ

ಚಳ್ಳಕೆರೆಯ ಬಳಿಯ ನನ್ನಿವಾಳದಲ್ಲಾಗಲಿ, ನಾಡಿನ ಇನ್ನಾವ ಹಳ್ಳಿಯಲ್ಲಾಗಲಿ, ಹಬ್ಬಕ್ಕೆ ಮುನ್ನ ಗೋಡೆಗೆ ಸುಣ್ಣ ಬಳಿಯುವುದನ್ನು ವಿದ್ಯಾರ್ಥಿಗಳು ನೋಡಿಯೇ ಇರುತ್ತಾರೆ. ಬಳಿದಾಗ ಕೈಗಂಟುವ ಸುಣ್ಣವು ಕೆಲವು ದಿನಗಳಲ್ಲಿ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ನೀರು ಆರುವುದರ ಜೊತೆಗೆ ಇಲ್ಲೊಂದು ರಾಸಾಯನಿಕ ಕ್ರಿಯೆಯೂ ನಡೆಯುತ್ತದೆ: ಅರಳಿದ ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲ ಅನಿಲವನ್ನು ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ.

ಇಟಲಿಯ ಚಿತ್ರಗಾರರು ಈ ಕ್ರಿಯೆಯನ್ನೇ ದುಡಿಸಿಕೊಂಡರು. ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಿದರೆ, ಹೊಸದಾಗಿ ಹುಟ್ಟುವ ಸುಣ್ಣಕಲ್ಲಿನ ಹರಳುಗಳು ಬಣ್ಣದ ಕಣಗಳನ್ನು ಸೆರೆಹಿಡಿಯುತ್ತವೆ. ಅಂದಂದು ಮುಗಿಸಬಹುದಾದಷ್ಟು ಭಾಗಕ್ಕೆ ಮಾತ್ರ ಅಂದಂದು ಗಾರೆ ಮೆತ್ತಬೇಕು. ಈ ವಿಧಾನಕ್ಕೆ ಫ್ರೆಸ್ಕೊ ಎಂದು ಹೆಸರು; ಆ ಭಾಷೆಯಲ್ಲಿ ಅದರ ಅರ್ಥ 'ತಾಜಾ'. ರೋಮಿನ ವಿಲ್ಲಾ ಫಾರ್ನೆಸೀನಾ ಎಂಬ ಉದ್ಯಾನಗೃಹದಲ್ಲಿ ರಫೇಲನು 1512ರ ಸುಮಾರಿಗೆ ರಚಿಸಿದ ಗಲಟೇಯಳ ಚಿತ್ರ ಇಂಥದು.

ನಮ್ಮಲ್ಲಿಯೂ ಒಂದು ಉದ್ಯಾನಗೃಹವಿದೆ. ಅದು ಟಿಪ್ಪು 1784ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ದರಿಯಾ ದೌಲತ್. ಅದರ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಮಾತಿನ ರೂಢಿಯಲ್ಲಿ ಇದನ್ನೂ ಫ್ರೆಸ್ಕೊ ಎನ್ನುವುದುಂಟು. ಆದರೆ ಇದರ ಚರಿತ್ರೆಯನ್ನು ನೋಡೋಣ. 1799ರ ತರುವಾಯ ಇಲ್ಲಿ ವಾಸಿಸಿದ ವೆಲ್ಲೆಸ್ಲಿ ಮಾಸಿದ್ದ ಚಿತ್ರವನ್ನು ಸರಿಪಡಿಸಿದನು. ಮುಂದೆ ಅದರ ಮೇಲೆ ಸುಣ್ಣ ಬಳಿದರು. (ಚಿತ್ರವನ್ನು ಕಲ್ಲಾಗಿಸಬಲ್ಲ ಸುಣ್ಣವೇ ಚಿತ್ರವನ್ನು ನುಂಗಿತು!) 1850ರ ದಶಕದಲ್ಲಿ ಡಾಲ್‌ಹೌಸಿಯ ಆಜ್ಞೆಯಂತೆ, ಹಳೆಯ ಚಿತ್ರವನ್ನು ನೆನಪಿಟ್ಟಿದ್ದ ದೇಶೀಯ ಕಲಾವಿದನೊಬ್ಬನು ಅದನ್ನು ಮತ್ತೆ ಬರೆದನು.

ಆ ವೇಳೆಗೆ ಗಾರೆ ಎಂದೋ ಕಲ್ಲಾಗಿತ್ತು. ಒಣಗೋಡೆಯು ಬಣ್ಣವನ್ನು ತಾನಾಗಿ ಹಿಡಿಯದು; ಅಂಟು ಬೇಕು. ಅಂಟು ಸಾವಯವ ವಸ್ತು. ತೇವಕ್ಕೆ ಸಡಿಲಗೊಳ್ಳುತ್ತದೆ, ಬಿಸಿಲಿನ ಅತಿನೇರಿಳೆ ಕಿರಣಗಳಿಗೆ ಶಿಥಿಲವಾಗುತ್ತದೆ. ಆದ್ದರಿಂದ ಈ ಗೋಡೆಗೆ ನೆರಳೇ ಆಯುಷ್ಯ.

ಸೂರು ನೆರಳು ಕೊಡದೆ? ಲೆಕ್ಕ ಹಾಕೋಣ. ಸೂರು ಗೋಡೆಯಿಂದ 10 ಅಡಿ ಚಾಚಿದೆಯೆಂದು ಭಾವಿಸಿರಿ. ಹಗಲಿರುಳು ಸಮವಾಗಿರುವ ದಿನ, ಸೂರ್ಯಾಸ್ತಕ್ಕೆ ಮೂರು ಗಂಟೆ ಮುನ್ನ ಸೂರ್ಯನ ಎತ್ತರ ಸುಮಾರು 45 ಡಿಗ್ರಿ. ನೆರಳು ಸೂರಿನ ಮಟ್ಟದಿಂದ 10 ಅಡಿ ಕೆಳಗಿಳಿಯುತ್ತದೆ. ಒಂದೇ ಗಂಟೆ ಉಳಿದಿರುವಾಗ ಎತ್ತರ 15 ಡಿಗ್ರಿ. ನೆರಳು ಮೂರಡಿಯೂ ಇಲ್ಲ! ಯುದ್ಧಚಿತ್ರವಿರುವುದು ಪಶ್ಚಿಮದ ಗೋಡೆಯಲ್ಲಿ ಎಂಬುದನ್ನು ಮರೆಯಬಾರದು.

ನಡುಹಗಲ ಬಿಸಿಲಿನ ಪ್ರಭೆ ಸುಮಾರು 1,00,000 ಲಕ್ಸ್. ಬೇಗ ಮಾಸುವ ವಸ್ತುಗಳಿಗೆ ವಸ್ತುಸಂಗ್ರಹಾಲಯಗಳು ವಿಧಿಸಿಕೊಂಡ ಮಿತಿ 50 ಲಕ್ಸ್. ಎಂದರೆ ಅಂಥ ಬಿಸಿಲಿನ ಒಂದು ಗಂಟೆ ಆ ಮಂದ ಬೆಳಕಿನ 2,000 ಗಂಟೆಗಳಿಗೆ ಸಮ. ದರಿಯಾ ದೌಲತ್ತಿನ ಸುತ್ತ ಪರದೆಗಳನ್ನು ಇಳಿಬಿಟ್ಟಿರುವುದು ಇದಕ್ಕಾಗಿ. ಒಳಗೆ ಮಬ್ಬೆಂದು ಬೇಸರಪಡದೆ ಐದು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಬೆಯ್ಲಿಯ ಪಲ್ಲಕ್ಕಿಯೂ ಸಿಡಿಯುತ್ತಿರುವ ಮದ್ದಿನ ಬಂಡಿಯೂ ಒಂದೊಂದಾಗಿ ಕಾಣತೊಡಗುತ್ತವೆ.