ಮುಂದ ಕಟ್ ಕಟ್ ಅಂತೈತಿ: ಹಳೇ ಪಿಕಪ್ ಕಲಿಸಿದ ಪಾಠಗಳು

ಕಬ್ಬಿನ ಹಂಗಾಮು ಶುರುವಾದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ರಸ್ತೆಗಳೆಲ್ಲ ಟ್ರ್ಯಾಕ್ಟರ್‌ಗಳ ಪಾಲು. ಡಬ್ಬಲ್ ಟ್ರೇಲರ್ ಓಡಾಡಿದ ಹಾದಿಯ ಅಂಚು ಒಡೆಯುತ್ತದೆ, ಡಾಂಬರು ಕುಗ್ಗಿ ಉಬ್ಬುತ್ತದೆ. ಅದರ ಪೆಟ್ಟು ತಿನ್ನುವುದು ಹಿಂದೆ ಬರುವ ಪಿಕಪ್‌ಗಳು. ನಿಪ್ಪಾಣಿಯ ತಂಬಾಕು, ಅಥಣಿ ಕಡೆಯ ಒಣದ್ರಾಕ್ಷಿ, ಊರೂರಿನ ಹಾಲು, ಬೆಲ್ಲ, ಕಾಯಿಪಲ್ಲೆ ಹೊರುವವು ಅವೇ. ಹತ್ತು ವರ್ಷ ದಾಟಿದ ಗಾಡಿ ಗ್ಯಾರೇಜಿಗೆ ಬಂದು ನಿಂತರೆ ಮಾಲಕರ ಮಾತು ಬಹುತೇಕ ಒಂದೇ: “ಮಿಸ್ತ್ರಿ, ಮುಂದ ಕಟ್ ಕಟ್ ಅಂತೈತಿ, ಶಾಕಬ್ಸರ್ ಹಾಕಿಬಿಡ್ರಿ.” ದುಡ್ಡು ಪೋಲಾಗುವುದು ಆ ‘ಹಾಕಿಬಿಡ್ರಿ’ಯಿಂದಲೇ. ಸಪ್ಪಳ ಎಲ್ಲಿಂದ ಬರುತ್ತದೆಂದು ಕೈಗೆ ಸಿಗುವವರೆಗೆ ಒಂದು ಬುಶ್ ಕೂಡ ಖರೀದಿಸಬಾರದು. ಇಷ್ಟು ವರ್ಷ ಗಾಡಿಯಡಿ ಮಲಗಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದೇ.

1. ಮಾಲಕರನ್ನಲ್ಲ, ಡ್ರೈವರನನ್ನು ಕೇಳಿ.

ಮಾಲಕರು ಸಪ್ಪಳ ಕೇಳಿರುತ್ತಾರೆ, ಡ್ರೈವರ ಅದನ್ನು ಕಾಲಿನಲ್ಲಿ, ಸ್ಟೇರಿಂಗಿನಲ್ಲಿ ಅನುಭವಿಸಿರುತ್ತಾನೆ. “ಯಾವಾಗ ಬಡಿತೈತಿ ತಮ್ಮಾ?” ಅಂದರೆ ಮೊದಲು “ಯಾವಾಗ್ಲೂ ಬಡಿತೈತ್ರಿ” ಅನ್ನುತ್ತಾನೆ. ಬಿಡಬೇಡಿ. ಬ್ರೇಕ್ ಒತ್ತಿದಾಗೋ, ತಿರುವಿನಲ್ಲೋ, ಹಂಪ್ ಹತ್ತುವಾಗೋ ಇಳಿಯುವಾಗೋ, ಖಾಲಿ ಇದ್ದಾಗೋ ಲೋಡ್ ಇದ್ದಾಗೋ? ಒಂದೊಂದೇ ಕೇಳಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಬ್ರೇಕ್ ಒತ್ತಿದಾಗ ಒಮ್ಮೆ ‘ಧಡ್’, ಮತ್ತೆ ರಿವರ್ಸ್‌ನಲ್ಲಿ ಬ್ರೇಕ್ ಒತ್ತಿದಾಗ ಇನ್ನೊಮ್ಮೆ ‘ಧಡ್’ ಎಂದರೆ ಯಾವುದೋ ಭಾರದ ಭಾಗ ಹಿಂದೆಮುಂದೆ ಸರಿಯುತ್ತಿದೆ: ಪಾಟಾದ (ಲೀಫ್ ಸ್ಪ್ರಿಂಗಿನ) ಬುಶ್, ಯು ಬೋಲ್ಟ್, ಆರ್ಮಿನ ಬುಶ್, ಇಲ್ಲವೇ ಸಡಿಲಾದ ಕ್ಯಾಲಿಪರ್. ಸಣ್ಣ ಸಣ್ಣ ತೆಗ್ಗುಗಳಲ್ಲಿ ನಿಧಾನ ಹೋಗುವಾಗ ‘ಟಕಟಕ’ ಎಂದರೆ ಹೆಚ್ಚಾಗಿ ಸ್ಟೆಬಿಲೈಜರ್ ಲಿಂಕ್ ಅಥವಾ ಶಾಕಬ್ಸರಿನ ಬುಶ್. ಲೋಡ್ ಹೇರಿದಾಗ ಮಾತ್ರ ಬಡಿದರೆ ಮುರಿದ ಪಾಟಾ ಎಸಳು, ಇಲ್ಲವೇ ಬಂಪ್ ಸ್ಟಾಪಿನ ರಬ್ಬರ್ ಹೋಗಿದೆ.

2. ಸೀಟಿನ ಕೆಳಗೆ ನೋಡಿ.

ನಗಬೇಡಿ. ಜ್ಯಾಕ್, ಟಾಮಿ, ಪಾನಾ ಚೀಲ, ಬ್ಯಾಟರಿ ಕ್ಲ್ಯಾಂಪ್, ಬಾನೆಟ್ ಲಾಕ್, ಬಂಪರಿನ ಬೋಲ್ಟ್ ಇವನ್ನೆಲ್ಲ ಬಿಗಿ ಮಾಡಿ ಒಂದು ಸುತ್ತು ಹೋಗಿ ಬನ್ನಿ. ಸಪ್ಪಳ ನಿಂತರೆ ಕಾರಣ ಅಲ್ಲೇ ಇತ್ತು.

3. ಸಪ್ಪಳವನ್ನು ನೀವೇ ಹುಟ್ಟಿಸಬೇಕು.

ಖಾಲಿ ಗಾಡಿಯಲ್ಲಿ ಸುಮ್ಮನಿರುವ ಪಾಟಾ ಲೋಡಿನಲ್ಲಿ ಬಡಿಯಬಹುದು, ಲೋಡಿನಲ್ಲಿ ಬಿಗಿಯಾಗುವ ಶ್ಯಾಕಲ್ ಖಾಲಿ ಗಾಡಿಯಲ್ಲಿ ಬಡಿಯಬಹುದು. ಆದ್ದರಿಂದ ಗಾಡಿ ಯಾವ ಸ್ಥಿತಿಯಲ್ಲಿ ಸಪ್ಪಳ ಮಾಡುತ್ತದೋ ಅದೇ ಸ್ಥಿತಿಯಲ್ಲಿ ತರಿಸಿಕೊಳ್ಳುತ್ತೇನೆ. ಊರ ಮುಂದಿನ ಹಂಪ್ ಮೇಲೆ ಒಮ್ಮೆ ಎಡಗಾಲಿ ಮಾತ್ರ, ಇನ್ನೊಮ್ಮೆ ಬಲಗಾಲಿ ಮಾತ್ರ ಏರಿಸಿದರೆ ಯಾವ ಬದಿ ಎನ್ನುವುದು ಗೊತ್ತಾಗುತ್ತದೆ. ಕ್ಯಾಬಿನ್ನಿನ ಒಳಗೆ ಕೂತ ಕಿವಿ ಬದಿಯ ವಿಷಯದಲ್ಲಿ ಮೋಸ ಹೋಗುತ್ತದೆ. ಚಾಸಿಯ ಕಬ್ಬಿಣ ಸಪ್ಪಳವನ್ನು ಆ ಕಡೆಯಿಂದ ಈ ಕಡೆಗೆ ತಲುಪಿಸುತ್ತದೆ.

4. ಕಿವಿಗಿಂತ ಬೆರಳು ನಂಬಿ.

ಗಾಲಿಗಳು ನೆಲದ ಮೇಲೆಯೇ ಇರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಇಂಜಿನ್ ಬಂದ್. ಒಬ್ಬ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಅಲ್ಲಾಡಿಸಲಿ. ಇನ್ನೊಬ್ಬ ಕೆಳಗೆ ಮಲಗಿ ಟೈರಾಡ್ ಎಂಡ್ ಒಂದೊಂದರ ಮೇಲೂ ಬೆರಳು ಇಟ್ಟು ನೋಡಲಿ. ಹೋದ ಜಾಯಿಂಟ್ ಬೆರಳಿಗೆ ‘ಟಕ್’ ಎಂದು ತಾಗುತ್ತದೆ. ಸ್ಟೇರಿಂಗ್ ಬಾಕ್ಸ್ ಚಾಸಿಗೆ ಕೂತ ಬೋಲ್ಟ್‌ಗಳನ್ನೂ ಇದೇ ಹೊತ್ತಿನಲ್ಲಿ ನೋಡಬೇಕು. ಅವು ಸಡಿಲಾಗಿ, ಒಂದೂ ಕೆಟ್ಟಿರದ ಟೈರಾಡ್‌ಗಳನ್ನು ಬದಲಿಸಿಕೊಂಡು ಬಂದ ಗಾಡಿಗಳನ್ನು ಕಂಡಿದ್ದೇನೆ.

5. ಜ್ಯಾಕ್ ಎಲ್ಲಿ ಕೊಡುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಟಾಟಾ ಏಸ್‌ನಂಥ ಗಾಡಿಗೆ ಮುಂದೆಯೂ ನೇರ ಆಕ್ಸಲ್, ಪಾಟಾ. ಕೆಲವು ಪಿಕಪ್‌ಗಳಿಗೆ ಮುಂದೆ ಕಾಯಿಲ್ ಸ್ಪ್ರಿಂಗ್, ಆರ್ಮ್, ಬಾಲ್ ಜಾಯಿಂಟ್. ನೇರ ಆಕ್ಸಲ್ ಇದ್ದರೆ ಜ್ಯಾಕ್ ಆಕ್ಸಲ್ ಕೆಳಗೆ. ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತಿದ್ದರೆ ಜ್ಯಾಕನ್ನು ಆ ಆರ್ಮಿಗೇ ಕೊಡಬೇಕು. ಚಾಸಿಗೆ ಕೊಟ್ಟು ಗಾಲಿ ಜೋತುಬಿಟ್ಟರೆ ಸ್ಪ್ರಿಂಗಿನ ಒತ್ತಡ ಬಾಲ್ ಜಾಯಿಂಟನ್ನು ಬಿಗಿ ಹಿಡಿಯುತ್ತದೆ, ಪೂರ್ತಿ ಸವೆದದ್ದೂ ಹೊಸದರಂತೆ ಕಾಣುತ್ತದೆ. ಜ್ಯಾಕ್ ಒಂದನ್ನೇ ನಂಬಿ ಗಾಡಿಯಡಿ ಹೋಗಬೇಡಿ. ಹಿಂದಿನ ಗಾಲಿಗೆ ಕಲ್ಲು, ಚಾಸಿಯಡಿ ಸ್ಟ್ಯಾಂಡ್ ಅಥವಾ ಗಟ್ಟಿ ದಿಮ್ಮಿ ಇರಲೇಬೇಕು.

ಈಗ ಗಾಲಿಯನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್, ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್. ಎಡ-ಬಲಕ್ಕೆ ಹಿಡಿದಾಗ ಮಾತ್ರ ಆಟ ಇದ್ದರೆ ಟೈರಾಡ್ ಕಡೆ ನೋಡಿ. ಮೇಲೆ-ಕೆಳಗಿನ ಆಟದಲ್ಲಿ ಬೇರಿಂಗೋ ಪಿನ್ನೋ ಎಂಬ ಜಗಳ ಬಿಡಿಸುವ ಉಪಾಯ ಸುಲಭ: ಹುಡುಗನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್. ಬೇರಿಂಗನ್ನು ಎಷ್ಟೋ ಸಲ ಬದಲಿಸುವುದೇ ಬೇಡ. ತೊಳೆದು, ಗ್ರೀಸ್ ತುಂಬಿ, ನಟ್ಟನ್ನು ಸರಿಯಾಗಿ ಬಿಗಿದರೆ ಸಾಕು. ಸ್ಪ್ಲಿಟ್ ಪಿನ್ ಮಾತ್ರ ಹೊಸದೇ ಹಾಕಿ. ಹಳೆಯದನ್ನು ಬಗ್ಗಿಸಿ ಮತ್ತೆ ಹಾಕುವ ಜಿಪುಣತನ ನನಗೆ ಅರ್ಥವಾಗಿಲ್ಲ.

6. ಪಾಟಾ ತನ್ನ ಕಥೆಯನ್ನು ತುಕ್ಕಿನಲ್ಲಿ ಬರೆದಿರುತ್ತದೆ.

ಅಲ್ಲಾಡುವ ಕಡೆ ಕಬ್ಬಿಣ ಒಂದೋ ಫಳಫಳ ಹೊಳೆಯುತ್ತದೆ, ಇಲ್ಲವೇ ಕೆಂಪು ಪುಡಿ ಉದುರಿಸುತ್ತದೆ. ಯು ಬೋಲ್ಟಿನ ಬುಡದಲ್ಲಿ ಅಂಥ ಕೆಂಪು ಗೆರೆ ಕಂಡರೆ ಬೇರೆ ಹುಡುಕುವುದು ಬೇಡ. ನಮ್ಮ ಕಡೆ ಎರಿ ಮಣ್ಣು ಮೆತ್ತಿ ಒಣಗಿರುತ್ತದೆ, ತೊಳೆಯದೆ ನೋಡಿದರೆ ಏನೂ ಕಾಣದು. ಸೆಂಟರ್ ಬೋಲ್ಟ್ ತುಂಡಾಗಿದ್ದರೆ ಆಕ್ಸಲ್ ಪಾಟಾದ ಮೇಲೆ ಜಾರುತ್ತದೆ. ಆಗ ಗಾಲಿಗಳನ್ನು ನೇರ ಮಾಡಿ ಎರಡೂ ಬದಿ ಮುಂದಿನ ಗಾಲಿ ನಡುವಿನಿಂದ ಹಿಂದಿನ ಗಾಲಿ ನಡುವಿನವರೆಗೆ ಟೇಪ್ ಹಿಡಿಯಿರಿ. ಅಳತೆಯಲ್ಲಿ ಎದ್ದು ಕಾಣುವ ಫರಕ್ ಬಂದರೆ ಕಾರಣ ಸಿಕ್ಕಿತು. ಪಾಟಾ ಬಿಚ್ಚಿ ಕಟ್ಟಿದ ಮೇಲೆ ಒಂದೆರಡು ಲೋಡ್ ಹೊಡೆದು ಬಂದು ಯು ಬೋಲ್ಟ್ ಮತ್ತೊಮ್ಮೆ ಬಿಗಿಸಿಕೊಳ್ಳಲು ಎಲ್ಲರಿಗೂ ಹೇಳುತ್ತೇನೆ. ಬರುವವರು ಕಡಿಮೆ.

ರಬ್ಬರ್ ಬುಶ್ ಹಾಕುವಾಗ ಇನ್ನೊಂದು ಗುಟ್ಟು. ಗಾಡಿ ಜ್ಯಾಕ್ ಮೇಲೆ ಜೋತಾಡುವಾಗ ನಟ್ಟನ್ನು ಪೂರ್ತಿ ಬಿಗಿಯಬೇಡಿ. ಗಾಲಿ ನೆಲಕ್ಕೆ ಇಳಿದು ಭಾರ ಕೂತ ಮೇಲೆ ಬಿಗಿಯಿರಿ. ಮೊದಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. “ಬುಶ್ ಡೂಪ್ಲಿಕೇಟ್ ಕೊಟ್ಟಾನ್ರಿ ಅಂವಾ” ಎಂದು ಅಂಗಡಿಯವನನ್ನು ಬೈಯುವ ಬಹಳ ಪ್ರಕರಣಗಳ ಮೂಲ ಇಲ್ಲಿದೆ.

7. ಸುಟ್ಟ ಆಯಿಲ್ ಔಷಧವಲ್ಲ.

ಹಳೇ ಇಂಜಿನ್ ಆಯಿಲ್ ಹೊಡೆದರೆ ಎರಡು ದಿನ ಸಪ್ಪಳ ಸುಮ್ಮನಾಗುತ್ತದೆ, ಆಮೇಲೆ ಆಯಿಲ್ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗಿ ಹೋಗುತ್ತದೆ. ಧೂಳೂ ಹಿಡಿಯುತ್ತದೆ. ಗ್ರೀಸ್ ನಿಪ್ಪಲ್ ಇದ್ದಲ್ಲಿ ಗ್ರೀಸ್ ಕೊಡಿ, ರಬ್ಬರ್ ಇದ್ದಲ್ಲಿ ಏನೂ ಬೇಡ. ಯಾವ ಬುಶ್ ಕೀರುತ್ತದೆ ಎಂದು ಹುಡುಕಲು ಸೋಪಿನ ನೀರು ಸಾಕು.

8. ಮುಂದೆ ಕೇಳಿದ್ದೆಲ್ಲ ಮುಂದಿನದಲ್ಲ.

ಕ್ಲಚ್ ಬಿಟ್ಟೊಡನೆ ಒಂದು ‘ಕಟ್’, ಗೇರ್ ಬದಲಿಸಿದಾಗ ಇನ್ನೊಂದು ‘ಕಟ್’ ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಅಥವಾ ನಡುವಿನ ಬೇರಿಂಗ್ ಮೇಲೆ ಸಂಶಯ ಪಡಿ. ಇಂಜಿನ್ ಮೌಂಟಿಂಗ್ ಪರೀಕ್ಷೆಗೆ ಬಾನೆಟ್ ತೆಗೆದು ಬದಿಗೆ ನಿಂತುಕೊಳ್ಳಿ, ಎದುರಿಗೆ ಯಾರೂ ಬೇಡ. ಡ್ರೈವರ ಬ್ರೇಕ್ ಗಟ್ಟಿ ಒತ್ತಿ ಮೊದಲ ಗೇರಿನಲ್ಲಿ, ಆಮೇಲೆ ರಿವರ್ಸ್‌ನಲ್ಲಿ ಕ್ಲಚ್ಚನ್ನು ತುಸುವೇ ಬಿಡಲಿ. ಇಂಜಿನ್ ಎಗರಿ ಕೂತರೆ ಮೌಂಟಿಂಗ್ ಹೋಗಿದೆ.

9. ಹೊಳಿ ನೀರು ಹೊಕ್ಕ ಗಾಡಿಯ ಲೆಕ್ಕವೇ ಬೇರೆ.

ಮಳೆಗಾಲದಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಏರಿದರೆ ಕಲ್ಲೋಳ–ಯಡೂರಿನಂಥ ತಗ್ಗಿನ ಸೇತುವೆಗಳು ಮುಳುಗುತ್ತವೆ. 2019 ಮತ್ತು 2021ರ ಮಹಾಪೂರದಲ್ಲಿ ಮನೆ ಮುಂದೆ ನಿಂತಲ್ಲೇ ನೆನೆದ ಗಾಡಿಗಳೆಷ್ಟೋ. ನೀರು ಇಳಿದ ವಾರ ಇಂಜಿನ್ನಿಗೆ ಎಲ್ಲರೂ ಉಪಚಾರ ಮಾಡಿಸುತ್ತಾರೆ, ಕಿಂಗ್ ಪಿನ್ನನ್ನು ಯಾರೂ ನೆನೆಯುವುದಿಲ್ಲ. ಗ್ರೀಸಿನ ಜಾಗದಲ್ಲಿ ಹೊಳಿಯ ಸಣ್ಣ ಮಣ್ಣು ಕೂತು ಲೋಹವನ್ನು ತಿಕ್ಕುತ್ತದೆ, ಕೆಲ ತಿಂಗಳಲ್ಲಿ ಸಪ್ಪಳ ಶುರು. ಬೇರಿಂಗ್ ಬಿಚ್ಚಿ ತೊಳೆಯಿರಿ. ಕಿಂಗ್ ಪಿನ್ನಿಗೆ ಗ್ರೀಸ್ ಕೊಡುವಾಗ ಆಕ್ಸಲ್ ಎತ್ತಿ ಭಾರ ತೆಗೆಯಿರಿ, ಇಲ್ಲದಿದ್ದರೆ ಒತ್ತಿ ಕೂತ ಬದಿಗೆ ಗ್ರೀಸ್ ಹೋಗುವುದೇ ಇಲ್ಲ. ಹಳೇ ಕೆಸರುಗ್ರೀಸ್ ಹೊರಬಂದು ಹೊಸ ಬಣ್ಣ ಕಾಣುವವರೆಗೆ ಗನ್ ಒತ್ತಬೇಕು.

10. ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ.

ಶಾಕಬ್ಸರ್ ಆಯಿಲ್ ಸೋರಿದ್ದರೆ ಎರಡೂ ಬದಿ ಒಟ್ಟಿಗೆ ಬದಲಿಸಿ, ಆದರೆ ಅದು ಮುಂದಿನ ಸಂತೆಯವರೆಗೆ ತಡೆಯುತ್ತದೆ. ಸ್ಟೆಬಿಲೈಜರ್ ಲಿಂಕೂ ಹಾಗೇ. ಟೈರಾಡ್ ಬದಲಿಸಿದರೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಉಳಿಸಿದ ದುಡ್ಡನ್ನು ಟೈರ್ ತಿನ್ನುತ್ತದೆ. ಟೈರಾಡ್ ಎಂಡ್, ಬಾಲ್ ಜಾಯಿಂಟ್, ಕಿಂಗ್ ಪಿನ್, ಸೆಂಟರ್ ಬೋಲ್ಟ್ ಇವುಗಳಲ್ಲಿ ಒಂದು ಹೋಗಿದೆ ಎಂದು ಖಾತ್ರಿಯಾದರೆ ಮಾಲಕರು ಎಷ್ಟೇ ಅವಸರ ಮಾಡಲಿ, “ಗಾಡಿ ಇಲ್ಲೇ ಬಿಡ್ರಿ ಕಾಕಾ” ಎಂದೇ ಹೇಳುತ್ತೇನೆ. ಲೋಡ್ ಬೇರೆ ಗಾಡಿಯಲ್ಲಿ ಹೋಗಲಿ. ಅಂಥ ಗಾಡಿಯನ್ನು ದಯವಿಟ್ಟು ನಿಪ್ಪಾಣಿ ಹತ್ತಿರದ ತವಂದಿ ಘಾಟ ಇಳಿಸಬೇಡಿ.