ಸೋಲೊಪ್ಪುವವರನ್ನು ಮೊದಲು ಸೇರಿಸಿ

ತಮ್ಮಂದಿರಾ,

ಮಳವಳ್ಳಿ ಕಡೆಯ ಬಯಲಿನಲ್ಲಿ ಇನ್ನೂರು ಮುನ್ನೂರು ಜನರನ್ನು ಎರಡು ಪಡೆ ಮಾಡಿ ಏರ್‌ಸಾಫ್ಟ್, ಅಂದರೆ ಪ್ಲಾಸ್ಟಿಕ್ ಗುಂಡಿನ ಆಟದ ಬಂದೂಕಿನ, ಯುದ್ಧದಾಟ ಆಡಿಸಬೇಕೆಂದು ಹೊರಟಿದ್ದೀರಿ. ನಕ್ಷೆ ಬರೆದಿದ್ದೀರಿ, ವಾಕಿಟಾಕಿ ಎಷ್ಟು ಬೇಕೆಂದು ಲೆಕ್ಕ ಹಾಕಿದ್ದೀರಿ, ಎರಡೂ ಕಡೆಯ ಸೇನಾಪತಿಗಳು ಯಾರೆಂಬ ಮಾತುಕತೆಯೂ ನಡೆದಿದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಹುಡುಗರು ಬೆಂಗಳೂರಿಗೆ ಹೋಗಿ ಆಡಿ ಬರುವ ಬದಲು ನಮ್ಮ ನೆಲದಲ್ಲೇ ಕಟ್ಟುತ್ತೇವೆ ಅನ್ನುವುದನ್ನು ಕೇಳಿ ನನಗೆ ಸಂತೋಷವಾಯಿತು. ನೂರಾರು ಜನ ಸೇರಿ ಆಡುವ ಯುದ್ಧ ನಮ್ಮ ಸೀಮೆಗೆ ಹೊಸದೂ ಅಲ್ಲ. ಊರೂರಲ್ಲಿ ಕುರುಕ್ಷೇತ್ರ ನಾಟಕ ಕಟ್ಟಿದ ನೆಲ ಇದು. ಅದನ್ನು ಕಟ್ಟಿದವರ ನಡುವೆ ಬೆಳೆದವನಾಗಿ ನಾಲ್ಕು ಮಾತು ಹೇಳುತ್ತೇನೆ, ಸಮಾಧಾನವಾಗಿ ಕೇಳಿ.

ಎಲ್ಲಕ್ಕೂ ಮೊದಲ ಮಾತು ಇದು: ಗೆಲ್ಲಬೇಕೆನ್ನುವವರು ಕರೆಯದೆಯೇ ಬರುತ್ತಾರೆ. ಸೋಲನ್ನು ಒಪ್ಪಿಕೊಂಡು ಕೈ ಎತ್ತುವವರನ್ನು ನೀವೇ ಹುಡುಕಿ ಸೇರಿಸಬೇಕು.

ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ಹೇಗೆ ಕಟ್ಟುತ್ತಾರೆಂದು ನಿಮ್ಮ ಅಪ್ಪಂದಿರನ್ನು ಕೇಳಿ ನೋಡಿ. ಹಿಂದೆ ಕಂಪನಿ ನಾಟಕಗಳ ಕಾಲದಲ್ಲಿ ಗುಬ್ಬಿ ವೀರಣ್ಣನವರು ರಂಗದ ಮೇಲೆ ಆನೆ ಕುದುರೆಗಳನ್ನೇ ತಂದು ಕುರುಕ್ಷೇತ್ರ ಆಡಿಸಿದರು. ಹಳ್ಳಿಯಲ್ಲಿ ಆನೆ ಕುದುರೆ ಇರಲಿಲ್ಲ, ಆಸೆ ಮಾತ್ರ ಅಷ್ಟೇ ದೊಡ್ಡದಿತ್ತು. ಬೇಸಾಯಗಾರ, ಮೇಷ್ಟ್ರು, ಡ್ರೈವರ್, ಪೊಲೀಸ್ ಎಲ್ಲರೂ ಬಣ್ಣ ಹಚ್ಚಿದರು. ಈ ನಾಟಕದಲ್ಲಿ ಪಾತ್ರಧಾರಿಗೆ ಸಂಬಳವಿಲ್ಲ. ಪಾತ್ರ ಬೇಕಾದವನೇ ದುಡ್ಡು ಕಟ್ಟಬೇಕು. ಡ್ರಾಮಾ ಮೇಷ್ಟ್ರ ಸಂಭಾವನೆ, ಸೀನರಿ, ಡ್ರೆಸ್ಸು, ಮೈಕು, ದ್ರೌಪದಿ ಕುಂತಿಯರ ಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ, ಎಲ್ಲವೂ ಆ ದುಡ್ಡಿನಲ್ಲೇ ಆಗಬೇಕು. ಹೊಲದ ಕೆಲಸ ಮುಗಿಸಿ, ಉಂಡು, ರಾತ್ರಿ ಹಾರ್ಮೋನಿಯಂ ಮುಂದೆ ಕೂತು ತಿಂಗಳುಗಟ್ಟಲೆ ತಾಲೀಮು. ಕೊನೆಗೆ ಒಂದು ರಾತ್ರಿ, ಬೆಳಗಿನ ಜಾವದವರೆಗೆ ಆಟ.

ಅಷ್ಟು ದುಡ್ಡು ಕಟ್ಟಿ ಜನ ಯಾವ ಪಾತ್ರ ಕೇಳುತ್ತಾರೆ? ದುರ್ಯೋಧನನ ಪಾತ್ರಕ್ಕೆ ಪೈಪೋಟಿ. ಕರ್ಣನಿಗೆ ಪೈಪೋಟಿ. ಅಭಿಮನ್ಯುವಿನ ಪಾತ್ರ ಮಾಡಿದ ಹುಡುಗನನ್ನು ಊರು ವರ್ಷಗಟ್ಟಲೆ ನೆನೆಯುತ್ತದೆ. ಇವರೆಲ್ಲ ಬೀಳುವವರು. ತೊಡೆ ಮುರಿದು ಬೀಳುತ್ತೇನೆಂದು ಗೊತ್ತಿದ್ದೂ ಮನುಷ್ಯ ಆ ಪಾತ್ರವನ್ನು ಆಸೆಪಟ್ಟು ಕೇಳುತ್ತಾನೆ, ಯಾಕೆಂದರೆ ಬೀಳುವವನಿಗೂ ಅಲ್ಲಿ ಹಾಡಿದೆ, ಮಾತಿದೆ, ಹಾರ ಹಾಕುವ ಜನ ಇದ್ದಾರೆ. ಸೋಲಿಗೆ ಗೌರವ ಕೊಟ್ಟದ್ದರಿಂದಲೇ ನಮ್ಮಲ್ಲಿ ಆ ಆಟ ಇಷ್ಟು ಕಾಲ ಉಳಿದಿದೆ. ನಿಮ್ಮ ಆಟದಲ್ಲಿ ಬಿದ್ದವನಿಗೆ ಏನು ಸಿಗುತ್ತದೆ ಅನ್ನುವುದನ್ನು ನಕ್ಷೆ ಬರೆಯುವ ಮೊದಲೇ ಯೋಚಿಸಿ.

ಸೋಲೊಪ್ಪುವ ಈ ಗುಣ ನಿಮ್ಮ ಆಟಕ್ಕೆ ನಾಟಕಕ್ಕಿಂತ ಹೆಚ್ಚು ಬೇಕು. ಪೇಂಟ್‌ಬಾಲ್‌ನಲ್ಲಿ ಪೆಟ್ಟು ಬಿದ್ದರೆ ಅಂಗಿಯ ಮೇಲೆ ಬಣ್ಣ ಕೂರುತ್ತದೆ. ಲೇಸರ್ ಟ್ಯಾಗ್‌ನಲ್ಲಿ ಯಂತ್ರವೇ ಹೇಳುತ್ತದೆ. ಏರ್‌ಸಾಫ್ಟ್‌ನ 6 ಮಿಲಿಮೀಟರ್ ಪ್ಲಾಸ್ಟಿಕ್ ಗುಂಡು ತಾಗಿ ಕೆಳಗೆ ಬಿದ್ದರೆ ಗುರುತೇ ಇರುವುದಿಲ್ಲ. ತಾಗಿತೋ ಇಲ್ಲವೋ ಅನ್ನುವುದು ತಾಗಿಸಿಕೊಂಡವನಿಗೆ ಮಾತ್ರ ಗೊತ್ತು. ಅವನು ಕೈ ಎತ್ತಿ "ಬಿದ್ದೆ" ಅಂದರೆ ಆಟ, ಸುಮ್ಮನಿದ್ದರೆ ಜಗಳ. ಸ್ವೀಡನ್ನಿನ ಬೆರ್ಗೆಟ್‌ನಂಥ ಏರ್‌ಸಾಫ್ಟ್ ಆಟಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಸೇರಿ ದಿನಗಟ್ಟಲೆ ಆಡಿದ್ದಾರೆ. ಅಷ್ಟು ಜನರ ಹಿಂದೆ ಒಬ್ಬೊಬ್ಬ ರೆಫರಿಯನ್ನು ನಿಲ್ಲಿಸುವುದು ಯಾರಿಂದಲೂ ಆಗದು. ಒಬ್ಬ ಸುಳ್ಳಾಡಿದರೆ ಎದುರಿನ ಹತ್ತು ಜನ "ಅವನೇ ಒಪ್ಪಲಿಲ್ಲ, ನಾವ್ಯಾಕೆ ಒಪ್ಪಬೇಕು" ಅನ್ನುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಇಡೀ ಬಯಲು ಸುಳ್ಳಾಗುತ್ತದೆ.

ಅದಕ್ಕೆ ಸೇನಾಪತಿಯನ್ನು ಆರಿಸುವಾಗ ಗುರಿಕಾರನನ್ನು ನೋಡಬೇಡಿ, ದೊಡ್ಡ ಗಂಟಲಿನವನನ್ನೂ ನೋಡಬೇಡಿ. ಎಲ್ಲರಿಗಿಂತ ಮೊದಲು ಕೈ ಎತ್ತುವವನು ಯಾರೋ ಅವನನ್ನು ಮುಂದೆ ನಿಲ್ಲಿಸಿ. ಸೇನಾಪತಿ ಕೈ ಎತ್ತಿದ್ದನ್ನು ಕಂಡ ಹುಡುಗ ಸುಳ್ಳಾಡಲು ನಾಚುತ್ತಾನೆ. ಬಿದ್ದವನನ್ನು ಬಿಸಿಲಲ್ಲಿ ಮೂಲೆಗೆ ಕೂರಿಸಬೇಡಿ. ಕೆಂಪು ಬಟ್ಟೆ ಕಟ್ಟಿಕೊಂಡು ಅಲ್ಲೇ ಕೂತರೆ ಜೊತೆಗಾರ ಬಂದು ಎಬ್ಬಿಸಬಹುದು ಎಂದು ನಿಯಮ ಮಾಡಿ. ಅಥವಾ ಹಿಂದಿನ ಠಾಣೆಗೆ ಹೋಗಿ, ಹತ್ತು ಜನ ಸೇರಿದ ಮೇಲೆ ಗುಂಪಾಗಿ ಹಿಂತಿರುಗಲಿ. ಆಗ ಬೀಳುವುದೂ ಆಟದ ಒಳಗಿನ ಕೆಲಸವೇ ಆಗುತ್ತದೆ.

ಇನ್ನೊಂದು ಕಷ್ಟ ಮಧ್ಯಾಹ್ನದ ಮೇಲೆ ಬರುತ್ತದೆ. ಸೋಲುತ್ತಿರುವ ಪಡೆಯವರು ಒಬ್ಬೊಬ್ಬರಾಗಿ ಬೈಕ್ ಹತ್ತಿ ಮನೆಗೆ ಹೋಗುತ್ತಾರೆ. ಉಳಿದವರು ಇನ್ನೂ ಬೇಗ ಸೋಲುತ್ತಾರೆ. ಸಂಜೆಗೆ ಎದುರಾಳಿಯೇ ಇಲ್ಲದ ಯುದ್ಧ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಎಷ್ಟು ಜನರನ್ನು ಹೊಡೆದಿರಿ ಎಂಬ ಲೆಕ್ಕದಲ್ಲಿ ಆಟ ನಿಂತರೆ ಹೀಗೇ ಆಗುವುದು. ಸಂದೇಶ ತಲುಪಿಸುವುದು, ಸಾಮಾನು ಸಾಗಿಸುವುದು, ಒಂದು ದಿಬ್ಬವನ್ನು ಒಂದು ಗಂಟೆ ಹಿಡಿದಿಟ್ಟುಕೊಳ್ಳುವುದು, ಹೀಗೆ ಪ್ರತಿ ತುಕಡಿಗೂ ಅದರದೇ ಕೆಲಸ ಕೊಡಿ. ಪಡೆ ಸೋತರೂ ನನ್ನ ತುಕಡಿ ತನ್ನ ಕೆಲಸ ಮುಗಿಸಿತು ಅನ್ನುವ ಸಮಾಧಾನ ಹುಡುಗನಿಗೆ ಇರಬೇಕು. ಒಂದು ಪಡೆ ತೀರಾ ಕರಗಿದರೆ ಮಧ್ಯೆ ನಿಲ್ಲಿಸಿ, ಜನರನ್ನು ಮತ್ತೆ ಹಂಚಿ. ಅದರಲ್ಲಿ ಅವಮಾನ ಇಲ್ಲ. ದುಡ್ಡನ್ನು ಮೊದಲೇ ಕಟ್ಟಿಸಿಕೊಳ್ಳಿ. ಪಾತ್ರಕ್ಕೆ ದುಡ್ಡು ಕಟ್ಟಿದವನು ತಾಲೀಮು ತಪ್ಪಿಸುವುದಿಲ್ಲ. ಬಾಯಿಮಾತಲ್ಲಿ ಬರುತ್ತೇನೆಂದ ಮುನ್ನೂರು ಜನರಲ್ಲಿ ಎಷ್ಟು ಮಂದಿ ಬಂದಾರೆಂಬುದು ಆ ದಿನ ಬೆಳಿಗ್ಗೆಯವರೆಗೂ ಗೊತ್ತಾಗುವುದಿಲ್ಲ. ಖರ್ಚಿನ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಬರೆದಿಡಿ. ನಮ್ಮಲ್ಲಿ ನಾಟಕದ ತಂಡಗಳು ಒಡೆದದ್ದು ಹಾಡು ತಪ್ಪಿದ್ದಕ್ಕಲ್ಲ, ಲೆಕ್ಕ ತಪ್ಪಿದ್ದಕ್ಕೆ.

ಮುಂದಾಳು ಇಲ್ಲದಾಗ ಏನು ಮಾಡಬೇಕೆಂಬುದಕ್ಕೆ ಮದ್ದೂರಿನ ಪಕ್ಕದ ಶಿವಪುರಕ್ಕಿಂತ ದೊಡ್ಡ ಪಾಠಶಾಲೆ ಬೇಡ. 1938ರ ಏಪ್ರಿಲ್‌ನಲ್ಲಿ ಶಿಂಷಾ ದಡದ ಆ ಊರಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಧ್ವಜ ಹಾರಿಸಬಾರದೆಂದು ಸರ್ಕಾರದ ನಿಷೇಧ ಇತ್ತು. ಸಾವಿರಾರು ಜನ, ಯಾರ ಕೈಯಲ್ಲೂ ಆಯುಧ ಇಲ್ಲ. ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯನವರನ್ನು ಪೊಲೀಸರು ಹಿಡಿದು ಕರೆದುಕೊಂಡು ಹೋದರು. ಜನ ಚೆದುರಲಿಲ್ಲ, ಕಲ್ಲೂ ಎತ್ತಲಿಲ್ಲ. ಒಬ್ಬರ ನಂತರ ಇನ್ನೊಬ್ಬರು ಮುಂದೆ ಬಂದರು. ಅದು ಜೀವದ ಪ್ರಶ್ನೆ, ನಿಮ್ಮದು ಆಟ. ಎರಡನ್ನೂ ಒಂದೇ ತಕ್ಕಡಿಗೆ ನಾನು ಹಾಕುವುದಿಲ್ಲ. ಆದರೆ ಮುಂದಾಳು ಹೋದರೆ ಯಾರು, ಅವರೂ ಹೋದರೆ ಯಾರು ಎಂದು ಎಲ್ಲರಿಗೂ ಮೊದಲೇ ಗೊತ್ತಿದ್ದರೆ ದೊಡ್ಡ ಗುಂಪು ಶಿಸ್ತಿನಲ್ಲಿರುತ್ತದೆ ಅನ್ನುವುದನ್ನು ಅಲ್ಲಿಂದ ಕಲಿಯಬಹುದು. ಪ್ರತಿ ತುಕಡಿಗೂ ಎರಡನೆಯವನನ್ನು, ಮೂರನೆಯವನನ್ನು ಹೆಸರು ಹೇಳಿ ನೇಮಿಸಿ. ವ್ಯವಸ್ಥಾಪಕರಲ್ಲೂ ಹಾಗೇ. ಒಬ್ಬನ ಫೋನ್ ಸ್ವಿಚ್ ಆಫ್ ಆದರೆ ಊಟದ ಗಾಡಿ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ ಎಂಬಂತಾಗಬಾರದು.

ಇನ್ನು ನೆಲದ ಮಾತು. ವಿಶ್ವೇಶ್ವರಯ್ಯ ನಾಲೆಯ ನೀರು ಬಿದ್ದ ಕಡೆಯೆಲ್ಲ ಕಬ್ಬು, ಭತ್ತ. ನಿಂತ ಬೆಳೆಯಲ್ಲಿ ಒಂದು ಹೆಜ್ಜೆಯೂ ಬೇಡ. ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕಿರುವ ಸುದ್ದಿ ನೀವೂ ಓದುತ್ತಲೇ ಇರುತ್ತೀರಿ. ಕಬ್ಬು ಕಡಿದ ಮೇಲಿನ ಕೂಳೆ ಕಾಲನ್ನು ಸೀಳುತ್ತದೆ. ಮುತ್ತತ್ತಿ ಕಡೆಯ ಕಾಡು ಕಾವೇರಿ ವನ್ಯಜೀವಿ ಧಾಮ, ಅದನ್ನು ಮರೆತುಬಿಡಿ. ಒಣ ಬಯಲು ಸಿಕ್ಕರೆ ಅದರ ಯಜಮಾನ ಒಬ್ಬನೇ ಇರುವುದಿಲ್ಲ. ಅಣ್ಣತಮ್ಮಂದಿರು ಭಾಗ ಮಾಡಿಕೊಂಡಿರುತ್ತಾರೆ, ಒಬ್ಬರು ಗುತ್ತಿಗೆಗೆ ಕೊಟ್ಟಿರುತ್ತಾರೆ. ಎಲ್ಲರ ಮನೆಗೂ ಹೋಗಿ, ಕೂತು ಮಾತಾಡಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಅಲ್ಲಿ ದನ ಕುರಿ ಮೇಯಿಸುವವರನ್ನೂ ಕೇಳಿ. ಬಂಡೂರು ಕುರಿಯ ಸೀಮೆ ಅದು. ನಿಮ್ಮ ಲಕ್ಷಗಟ್ಟಲೆ ಪ್ಲಾಸ್ಟಿಕ್ ಗುಂಡು ಹುಲ್ಲಿನಲ್ಲಿ ಉಳಿದರೆ ಮೇಯುವ ಕುರಿಯ ಹೊಟ್ಟೆಗೆ ಹೋಗುತ್ತದೆ. ಮಣ್ಣಲ್ಲಿ ಕರಗುವ ಗುಂಡು ಅಂದದ್ದೂ ನಾಳೆಯೇ ಕರಗುವುದಿಲ್ಲ. ಕಡಿಮೆ ಗುಂಡು ಹಂಚಿ, ಆಟ ಮುಗಿದ ಮೇಲೆ ಎಲ್ಲರೂ ಸೇರಿ ಆರಿಸಿ, ಆಮೇಲೆ ಊಟ.

ನಾಲೆ, ಹಾಳು ಬಾವಿ, ಕರೆಂಟು ಬೇಲಿ, ಈ ಮೂರನ್ನೂ ಹಗಲಲ್ಲಿ ನಡೆದು ಗುರುತಿಸಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಹಾಡಹಗಲಲ್ಲಿ ಬಸ್ಸನ್ನೇ ನುಂಗಿದ ನಾಲೆಯ ಪಕ್ಕ ಕತ್ತಲಲ್ಲಿ ಹುಡುಗರನ್ನು ಓಡಿಸಬೇಡಿ. ನಾಲೆ ಕಾಣುವ ಜಾಗದಲ್ಲಿ ರಾತ್ರಿ ಆಟ ಬೇಡವೇ ಬೇಡ.

ಕಾನೂನಿನ ವಿಷಯದಲ್ಲಿ ಅವರಿವರ ಮಾತು ನಂಬಬೇಡಿ. 1959ರ ಆಯುಧ ಕಾಯ್ದೆ, 2016ರ ಆಯುಧ ನಿಯಮಗಳು ಇವೆ. ನೀವು ತರುವ ಬಂದೂಕಿನ ಮಾದರಿ, ಶಕ್ತಿ, ಬಿಲ್ಲು ಎಲ್ಲವನ್ನೂ ಪಟ್ಟಿ ಮಾಡಿ ವಕೀಲರಿಗೆ ತೋರಿಸಿ. ಜಿಲ್ಲಾ ಪೊಲೀಸ್ ಕಚೇರಿಗೆ ಅರ್ಜಿ ಕೊಟ್ಟು ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಬೇಡ ಅಂದರೆ ಲೇಸರ್ ಟ್ಯಾಗ್‌ನಲ್ಲಿ ಅದೇ ಆಟ ಆಡಿ, ಕದ್ದು ಆಡಬೇಡಿ. ಸೈನಿಕನೆಂದು ನಂಬಿಸಲು ಸೈನಿಕನ ಉಡುಪು ತೊಡುವುದು ಹಳೆಯ ದಂಡ ಸಂಹಿತೆಯ 140ನೇ ಕಲಮಿನಲ್ಲೇ ಅಪರಾಧವಾಗಿತ್ತು, ಹೊಸ ಸಂಹಿತೆಯಲ್ಲೂ ಅಪರಾಧವೇ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಂದ ಮಕ್ಕಳು ಸೈನ್ಯಕ್ಕೆ ಹೋಗಿದ್ದಾರೆ. ಅವರ ಬಟ್ಟೆ, ಅವರ ಬಿಲ್ಲೆ ಆಟದ ಸಾಮಾನಲ್ಲ. ಬಂದೂಕನ್ನು ಬ್ಯಾಗಿನಿಂದ ಹೊರಗೆ ತೆಗೆಯುವುದು ಬಯಲಿನ ಒಳಗೆ ಮಾತ್ರ. ಮದ್ದೂರಲ್ಲಿ ವಡೆ ತಿನ್ನಲು ಗಾಡಿ ನಿಲ್ಲಿಸಿದಾಗ ಸೀಟಿನ ಮೇಲೆ ಕಾಣುವಂತೆ ಇಟ್ಟರೂ ತಪ್ಪು. ನೋಡಿದವರಿಗೆ ಅದು ನಿಜದ ರೈಫಲ್ಲೇ. ಸುತ್ತಲ ಊರುಗಳಿಗೆ ಮೊದಲೇ ಹೇಳಿ ಬನ್ನಿ, ಕೊಂಡ ಹಬ್ಬದ ದಿನ ಬಿಡಿ. ಕಾವೇರಿ ಚಳವಳಿ ಕಾವೇರಿದ್ದರೆ ತಾರೀಕನ್ನೇ ಮುಂದೂಡಿ. 2016ರ ಸೆಪ್ಟೆಂಬರಿನಲ್ಲಿ ಈ ಜಿಲ್ಲೆ ಹೇಗಿತ್ತೆಂದು ನಿಮಗೂ ನೆನಪಿದೆ. ಅಂಥ ಹೊತ್ತಲ್ಲಿ ಬಂದೂಕಿನ ಆಕಾರವೇ ಅಪಾಯ.

ಕಣ್ಣಿನ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಡಬೇಡಿ. 0.20 ಗ್ರಾಂ ಗುಂಡು ಸೆಕೆಂಡಿಗೆ 350 ಅಡಿ ವೇಗದಲ್ಲಿ ಹೋದರೆ ಅದರ ಶಕ್ತಿ ಸುಮಾರು 1.14 ಜೌಲ್. ತೋಳಿಗೆ ತಾಗಿದರೆ ಬಾಸುಂಡೆ ಬರುತ್ತದೆ, ಕಣ್ಣಿಗೆ ತಾಗಿದರೆ ಕಣ್ಣೇ ಹೋಗುತ್ತದೆ. ಅವತ್ತು ಬಳಸುವ ಗುಂಡನ್ನೇ ಹಾಕಿ ಪ್ರತಿ ಬಂದೂಕನ್ನೂ ಅಳೆದು, ಚೀಟಿ ಅಂಟಿಸಿ. ಪೆಟ್ಟು ತಡೆಯುವ ಪೂರ್ತಿ ಮುಚ್ಚಿದ ಕನ್ನಡಕ ಇಲ್ಲದವನು ಶಾಸಕರ ಮಗನಾದರೂ ಒಳಗೆ ಬಿಡಬೇಡಿ. ನೋಡಲು ಬರುವ ಊರ ಮಕ್ಕಳನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದನ್ನೂ ಯೋಚಿಸಿ. ಬಯಲಿನಿಂದ ಮಳವಳ್ಳಿ ಆಸ್ಪತ್ರೆಗೆ, ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಎಷ್ಟು ಹೊತ್ತಾಗುತ್ತದೆಂದು ಒಮ್ಮೆ ಗಾಡಿ ಓಡಿಸಿ ನೋಡಿ. ನೀರು, ನೆರಳು, ಹೊತ್ತಿಗೆ ಸರಿಯಾಗಿ ಊಟ ಇರಲಿ. ಬಿಸಿಲಲ್ಲಿ ಹಸಿದವನು ನಿಯಮ ಪಾಲಿಸುವುದಿಲ್ಲ.

ಮುನ್ನೂರು ಜನರ ಆಟವನ್ನು ಮೊದಲೇ ಹಿಡಿಯಬೇಡಿ. ಮೂವತ್ತು ಜನರಿಂದ, ಅರ್ಧ ದಿನದಿಂದ ಶುರು ಮಾಡಿ. ಅದೇ ನಿಮ್ಮ ತಾಲೀಮು. ಆಟ ಮುಗಿದ ಮೇಲೆ ಎರಡೂ ಪಡೆಯವರನ್ನು ಒಂದೇ ಸಾಲಿನಲ್ಲಿ ಊಟಕ್ಕೆ ಕೂರಿಸಿ. ಯಾರು ಎಷ್ಟು ಜನರನ್ನು ಹೊಡೆದರೆಂದು ಕೇಳಬೇಡಿ, ಯಾರು ಎಲ್ಲಿ, ಹೇಗೆ ಬಿದ್ದರೆಂದು ಒಬ್ಬೊಬ್ಬರಿಂದಲೂ ಹೇಳಿಸಿ. ಯಾರೂ ನೋಡದ ಕಡೆಯಲ್ಲಿ ಕೈ ಎತ್ತಿದವನ ಹೆಸರು ಹೇಳಿ ಎಲ್ಲರೂ ಚಪ್ಪಾಳೆ ತಟ್ಟಿ. ಅವನ ಹೆಸರು ಬರೆದಿಟ್ಟುಕೊಳ್ಳಿ. ಅಂಥವರು ಇಪ್ಪತ್ತು ಜನ ಸಿಕ್ಕ ದಿನ ನಿಮ್ಮ ದೊಡ್ಡ ಆಟಕ್ಕೆ ತಾರೀಕು ಗೊತ್ತು ಮಾಡಿ. ಅಲ್ಲಿಯವರೆಗೆ ತಾಲೀಮು ನಡೆಯಲಿ.