ಹಂಡೆಗೆ ಕಟ್ಟುವ ಸುಣ್ಣ, ಕಣ್ಣಿಗೆ ಕಾಣದ ಫ್ಲೋರೈಡ್

ಕೊಳವೆಬಾವಿ ನೀರು ಮನೆಯ ನಲ್ಲಿಗೆ ಬಂದ ಮೇಲೆ ನಮ್ಮ ಬಯಲುಸೀಮೆಯ ಅಡುಗೆಮನೆಗಳಲ್ಲಿ ಎರಡು ದೂರು ಖಾಯಂ. ನೀರು ಹಿಡಿದರೆ ಅಕ್ಕಿ ತೊಳೆದ ಹಾಗೆ ಬೆಳ್ಳಗಿರುತ್ತದೆ ಎನ್ನುವುದು ಒಂದು. ಕಾಸಿದ ಪಾತ್ರೆಗೆಲ್ಲ ಬಿಳಿ ಕಟ್ಟು ಕೂರುತ್ತದೆ ಎನ್ನುವುದು ಇನ್ನೊಂದು. ಎರಡನ್ನೂ ಸೇರಿಸಿ ‘ನೀರು ಕೆಟ್ಟಿದೆ’ ಅಂದುಬಿಡುತ್ತೇವೆ. ಆದರೆ ಬೆಳ್ಳಗಾಗುವುದು ಬೇರೆ, ಕಟ್ಟು ಕೂರುವುದು ಬೇರೆ. ನಿಜಕ್ಕೂ ಹೆದರಬೇಕಾದ್ದು ಇವೆರಡರಲ್ಲೂ ಇಲ್ಲದಿರಬಹುದು.

ಮೊದಲು ಒಂದು ಗಾಜಿನ ಲೋಟ ತಗೊಳ್ಳಿ. ನಲ್ಲಿಯಿಂದ ನೇರ ನೀರು ಹಿಡಿದು, ಅಲ್ಲಾಡಿಸದೆ ಬೆಳಕಿನಲ್ಲಿಟ್ಟು ನೋಡುತ್ತಿರಿ. ನೀರು ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದು ಒಂದೆರಡು ನಿಮಿಷದಲ್ಲಿ ಬಿಳುಪು ಮಾಯವಾದರೆ ಅದು ಬರೀ ಗಾಳಿ. ಪೈಪಿನ ಒತ್ತಡಕ್ಕೆ ನೀರಲ್ಲಿ ಕರಗಿದ್ದದ್ದು ಹೊರಗೆ ಬಂದಾಗ ಸಣ್ಣ ಗುಳ್ಳೆಗಳಾಗಿ ಮೇಲೇಳುತ್ತದೆ. ಕುಡಿಯಲು ತೊಂದರೆ ಇಲ್ಲ, ಯಾವ ಫಿಲ್ಟರೂ ಬೇಡ. ಕೃಷಿಕರಾದ ನಮಗೆ ಮಾತ್ರ ಇದರಲ್ಲಿ ಇನ್ನೊಂದು ಸೂಚನೆ ಇದೆ. ಮನೆಗೂ ತೋಟಕ್ಕೂ ಒಂದೇ ಬೋರು ಇದ್ದು, ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ನೀರು ಬೆಳ್ಳಗಾಗಿ ಪೈಪು ಬುಸ್ಸೆಂದು ಉಗಿಯತೊಡಗಿದರೆ, ಬೋರಿನ ನೀರು ಪಂಪಿನ ಮಟ್ಟಕ್ಕೆ ಇಳಿದಿರುವ ಸಾಧ್ಯತೆ ಹೆಚ್ಚು. ಹಾಗೇ ಓಡಿಸಿದರೆ ಮೋಟಾರು ಸುಟ್ಟೀತು.

ತಿಳಿ ಮೇಲಿನಿಂದ ಶುರುವಾಗಿ ತಳದಲ್ಲಿ ಪುಡಿ ಕೂತರೆ ಅದು ಮಣ್ಣು. ಹೊಸ ಬೋರು, ವರ್ಷಗಟ್ಟಲೆ ತೊಳೆಯದ ಟ್ಯಾಂಕು, ಇಲ್ಲವೇ ಒಡೆದ ಪೈಪು ಕಾರಣ. ಒಡೆದ ಪೈಪಾದರೆ ಮಣ್ಣಿನ ಜೊತೆ ಚರಂಡಿ ನೀರೂ ಒಳಗೆ ಹೋಗುತ್ತದೆ. ಇದನ್ನು ಹಗುರವಾಗಿ ತಗೊಳ್ಳಬೇಡಿ. ಪಟಿಕ ಆಡಿಸಿದರೆ, ಚಿಲ್ಲದ ಬೀಜ ತೇದು ಹಾಕಿದರೆ, ನುಗ್ಗೆ ಬೀಜದ ಪುಡಿ ಕದಡಿದರೆ ಮಣ್ಣು ಬೇಗ ಕೂರುತ್ತದೆ. ಹಿರಿಯರು ಮಾಡುತ್ತಿದ್ದದ್ದೂ ಇದನ್ನೇ. ಆದರೆ ತಿಳಿಯಾದ ಮಾತ್ರಕ್ಕೆ ರೋಗಾಣು ಸತ್ತಿತೆಂದಲ್ಲ, ಕುದಿಸಿಯೇ ಕುಡಿಯಬೇಕು.

ಹಿಡಿದಾಗ ತಿಳಿಯಾಗಿದ್ದ ನೀರು ಒಂದೆರಡು ಗಂಟೆ ಇಟ್ಟ ಮೇಲೆ ಕೆಂಪಗಾದರೆ ಕಬ್ಬಿಣ. ನೆಲದೊಳಗೆ ಕರಗಿದ್ದ ಕಬ್ಬಿಣ ಗಾಳಿ ತಾಗಿ ತುಕ್ಕಾಗುತ್ತದೆ. ಕರಾವಳಿ, ಮಲೆನಾಡಿನ ಬೋರುಗಳಲ್ಲಿ ಇದರ ಕಾಟ ಹೆಚ್ಚು. ಇಂಥ ನೀರಲ್ಲಿ ಚಹಾ ಕಾಸಿದರೆ ಶಾಯಿಯಂತೆ ಕಪ್ಪಾಗುತ್ತದೆ. ಅಡಿಕೆ ಸುಲಿದವರಿಗೆ ಇದು ಹೊಸತಲ್ಲ: ಹಸಿ ಅಡಿಕೆ ಕತ್ತರಿಸಿದ ಕತ್ತಿ ಕಪ್ಪಾಗುವುದೂ ಚೊಗರು ಕಬ್ಬಿಣಕ್ಕೆ ತಾಗಿಯೇ. ಉಪಾಯ ಸುಲಭ. ನೀರನ್ನು ಎತ್ತರದಿಂದ ತೂತಿನ ತಟ್ಟೆಯ ಮೂಲಕ ಮಳೆಹನಿಯಂತೆ ಬೀಳಿಸಿ ಗಾಳಿ ಆಡಿಸಿ, ಆಮೇಲೆ ಮರಳಿನಲ್ಲಿ ಸೋಸಿ. ಮರಳನ್ನು ಆಗಾಗ ತೊಳೆಯಬೇಕು, ಅಷ್ಟೆ.

ಬಿಳಿ ಕಟ್ಟಿನ ಗುಟ್ಟು

ಈಗ ನಮ್ಮ ಕಡೆಯ ದೊಡ್ಡ ತಲೆನೋವು. ಲೋಟದಲ್ಲಿ ಎಷ್ಟು ಹೊತ್ತು ಇಟ್ಟರೂ ತಿಳಿ, ಕಾಸಿದರೆ ಮಾತ್ರ ಬಿಳಿ. ಇದು ಗಡಸು ನೀರು. ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಬೈಕಾರ್ಬೊನೇಟ್ ರೂಪದಲ್ಲಿ ಕರಗಿರುತ್ತವೆ. ಕಾಸಿದಾಗ ಇಂಗಾಲಾಮ್ಲ ಹಾರಿಹೋಗಿ, ಸುಣ್ಣದ ಕಲ್ಲಿನ ಜಾತಿಯದೇ ಆದ ಪುಡಿ ಹೊರಬೀಳುತ್ತದೆ. ಹಂಡೆಗೆ, ಗೀಸರಿನ ಕಾಯಿಲಿಗೆ, ಸೋಲಾರಿನ ಕೊಳವೆಗೆ ಅಂಟುವುದು ಇದೇ. ಡ್ರಿಪ್ಪಿನ ತೂತು ಮುಚ್ಚುವುದೂ ಹೆಚ್ಚಾಗಿ ಇದೇ. ಕಟ್ಟು ದಪ್ಪವಾದಷ್ಟೂ ಬಿಸಿ ದಾಟುವುದಿಲ್ಲ, ಸೌದೆಯೂ ಕರೆಂಟೂ ದಂಡ.

ಎಷ್ಟು ಗಡಸು ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಸ್ನಾನದ ಸೋಪು ತುರಿದು ಮಳೆನೀರಲ್ಲಿ ಕರಗಿಸಿ. ಬಟ್ಟೆ ಪುಡಿ ಆಗದು, ಅದು ಗಡಸು ನೀರಲ್ಲೂ ನೊರೆ ಕೊಡುತ್ತದೆ. ಒಂದೇ ಅಳತೆಯ ಎರಡು ಬಾಟಲಿಗೆ ಅರ್ಧರ್ಧ ನೀರು, ಒಂದಕ್ಕೆ ಮಳೆಯದು, ಇನ್ನೊಂದಕ್ಕೆ ಬೋರಿನದು. ಸೋಪಿನ ನೀರನ್ನು ಹನಿ ಹನಿ ಹಾಕಿ ಕುಲುಕುತ್ತಾ, ನೊರೆ ನಿಲ್ಲಲು ಎಷ್ಟು ಹನಿ ಬೇಕಾಯಿತೆಂದು ಎಣಿಸಿ. ಆಮೇಲೆ ಅದೇ ಬೋರಿನ ನೀರನ್ನು ಕುದಿಸಿ, ಆರಿಸಿ, ತಿಳಿ ಬಸಿದು ಮತ್ತೊಮ್ಮೆ ಮಾಡಿ. ಹನಿ ಕಡಿಮೆಯಾದರೆ ಅಷ್ಟು ಗಡಸು ಕುದಿಸಿದ್ದಕ್ಕೆ ಹೋಗಿದೆ ಎಂದರ್ಥ. ಕಡಿಮೆಯಾಗದೆ ಉಳಿದದ್ದು ಸಲ್ಫೇಟ್, ಕ್ಲೋರೈಡ್‌ಗಳಿಂದ ಬಂದ ಗಡಸು, ಅದು ಕುದಿತಕ್ಕೆ ಜಗ್ಗುವುದಿಲ್ಲ. ಬೇಳೆ ಬೇಯುವುದಿಲ್ಲ ಎಂದು ಸೋಡ ಹಾಕುವವರು ಈ ಕುದಿಸಿ ಬಸಿದ ನೀರಲ್ಲಿ ಬೇಯಿಸಿ ನೋಡಿ.

ಕೂತ ಕಟ್ಟನ್ನು ತೆಗೆಯಲು ಹುಳಿ ಬೇಕು. ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲ ಎರಡು ಚಮಚವನ್ನು ಒಂದು ಲೀಟರ್ ಬಿಸಿನೀರಿಗೆ ಹಾಕಿ, ಪಾತ್ರೆಯಲ್ಲಿ ಅರ್ಧ ಗಂಟೆ ಬಿಡಿ. ಗುಳ್ಳೆ ಏಳುವುದು ನಿಂತ ಮೇಲೆ ಉಜ್ಜಿ ತೊಳೆಯಿರಿ. ಕಟ್ಟು ಹಳತಾದರೆ ಎರಡು ಸಲ ಮಾಡಬೇಕಾದೀತು. ನಲ್ಲಿಯ ಬಾಯಿಗೆ ಹುಳಿಯಲ್ಲಿ ನೆನೆಸಿದ ಬಟ್ಟೆ ಸುತ್ತಿಟ್ಟರೆ ಸಾಕು. ತಾಮ್ರದ ಹಂಡೆಗೆ ಹುಣಸೆಹಣ್ಣು ಇದ್ದೇ ಇದೆ. ಕಕ್ಕಸು ತೊಳೆಯುವ ಆಸಿಡ್ ಮಾತ್ರ ಬೇಡ. ಸ್ಟೀಲನ್ನೂ ಅಲ್ಯುಮಿನಿಯಮ್ಮನ್ನೂ ಅದು ತಿನ್ನುತ್ತದೆ. ಯಾವ ಹುಳಿಯನ್ನೂ ಬ್ಲೀಚಿಂಗ್ ಪುಡಿಯ ಜೊತೆ ಸೇರಿಸಬೇಡಿ, ಏಳುವ ಕ್ಲೋರಿನ್ ಗಾಳಿ ಜೀವಕ್ಕೇ ಅಪಾಯ.

ಈ ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲು ಎಂಬ ಹೆದರಿಕೆ ಎಲ್ಲ ಊರಲ್ಲೂ ಇದೆ. ಗಡಸುತನವೇ ಕಾರಣವೆಂದು ಸಾಬೀತಾಗಿಲ್ಲ. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿಯುವುದು ಅದಕ್ಕಿಂತ ದೊಡ್ಡ ಕಾರಣ. ಭಾರತೀಯ ಮಾನಕದ ಪ್ರಕಾರ ಗಡಸು ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು.

ಕಾಣದ್ದು

ನಮ್ಮ ಚರ್ಚೆ ಸಾಮಾನ್ಯವಾಗಿ ಹಂಡೆಯ ಬಿಳಿ ಕಟ್ಟಿಗೇ ನಿಂತುಬಿಡುತ್ತದೆ. ಪಾವಗಡ, ಮುಂಡರಗಿ, ಬಾಗೇಪಲ್ಲಿಯಂಥ ಕಡೆ ನೀರಿನ ನಿಜವಾದ ಕಂಟಕ ಫ್ಲೋರೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಟ್ಟೂ ಇಲ್ಲ. ಗ್ರಾನೈಟ್ ಕಲ್ಲಿನಲ್ಲಿರುವ ಫ್ಲೋರೈಡನ್ನು ಆಳದ ನೀರು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಿಂದ. ಮಾನಕದ ಮಿತಿ ಲೀಟರಿಗೆ 1 ಮಿ.ಗ್ರಾಂ, ಬೇರೆ ಗತಿಯಿಲ್ಲದಿದ್ದರೆ 1.5. ಅದು ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದ ಮಕ್ಕಳ ಹಲ್ಲಲ್ಲಿ ಸುಣ್ಣದಂಥ ಮಚ್ಚೆ, ಕಂದು ಗೆರೆ ಮೂಡುತ್ತವೆ. ಇನ್ನೂ ಹೆಚ್ಚಿದ್ದು ವರ್ಷಾನುಗಟ್ಟಲೆ ಕುಡಿದರೆ ಬೆನ್ನು, ಕೀಲು ಬಿಗಿದು ಬಗ್ಗಲಾಗದು. ಬಿಗಿದದ್ದು ಸಡಿಲುವುದಿಲ್ಲ.

ಇನ್ನೊಂದು ವಿಚಿತ್ರ ಗಮನಿಸಿ. ನೀರಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಒಂದಿಷ್ಟು ಕೆಳಗೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡದ ಅಂಶ ಹೆಚ್ಚಿರುವ ನೀರಲ್ಲೇ ಫ್ಲೋರೈಡ್ ಜಾಸ್ತಿ ಉಳಿಯುವುದು. ಅಂದರೆ ‘ನಮ್ಮ ಬೋರಿನದು ಮೆದು ನೀರು, ಪಾತ್ರೆಗೆ ಕಟ್ಟೇ ಇಲ್ಲ’ ಎನ್ನುವವರೂ ನೆಮ್ಮದಿಯಿಂದ ಕೂರುವಂತಿಲ್ಲ. ಕುದಿಸಿದರೂ ಫ್ಲೋರೈಡ್ ಹೋಗದು. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಗಡಸು ಕಳೆಯುವ ಸಾಫ್ಟನರ್ ಯಂತ್ರವೂ ಇದಕ್ಕಲ್ಲ, ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಆ ಯಂತ್ರ ತೊಳೆದ ಉಪ್ಪುನೀರನ್ನು ಬಾಳೆ ಬುಡಕ್ಕೆ ಬಿಡುವುದೂ ಸರಿಯಲ್ಲ.

ಆದ್ದರಿಂದ ಪರೀಕ್ಷೆಯೊಂದೇ ದಾರಿ. ಜಿಲ್ಲಾ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಚೊಕ್ಕ ಪ್ಲಾಸ್ಟಿಕ್ ಬಾಟಲಿಯಲ್ಲಿ, ಐದು ನಿಮಿಷ ಪಂಪು ಓಡಿಸಿದ ಮೇಲಿನ ನೀರು ಕೊಡಿ. ಫ್ಲೋರೈಡ್ ಜೊತೆ ನೈಟ್ರೇಟನ್ನೂ ಕೇಳಿ. ತಿಪ್ಪೆ, ಕೊಟ್ಟಿಗೆ, ಯೂರಿಯಾ ಹಾಕಿದ ಹೊಲ ಬೋರಿನ ಹತ್ತಿರ ಇದ್ದವರಿಗೆ ಇದು ಮುಖ್ಯ. ಬೋರನ್ನು ಆಳ ಮಾಡಿಸಿದರೆ ಮತ್ತೆ ಪರೀಕ್ಷೆ ಮಾಡಿಸಿ.

ಫ್ಲೋರೈಡ್ ಮೀರಿದ್ದರೆ ಆರ್‌ಓ ಯಂತ್ರ ಅದನ್ನು ತೆಗೆಯುತ್ತದೆ, ಆದರೆ ಬಹಳ ನೀರು ಹೊರಗೆ ಚೆಲ್ಲುತ್ತದೆ. ನನ್ನ ಮಟ್ಟಿಗೆ ಮಳೆನೀರಿಗೆ ಸಮ ಇಲ್ಲ. ಲೆಕ್ಕ ಹಾಕಿ: ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ತಲೆಗೆ 5 ಲೀಟರಿನಂತೆ ದಿನಕ್ಕೆ 25 ಲೀಟರ್, ವರ್ಷಕ್ಕೆ 9,125. ವರ್ಷಕ್ಕೆ 500 ಮಿ.ಮೀ. ಮಳೆ ಬೀಳುವಲ್ಲೂ 30 ಚದರ ಮೀಟರ್ ಮಾಡಿನಿಂದ, ಐದರಲ್ಲಿ ಒಂದು ಪಾಲು ಪೋಲಾದರೂ 12,000 ಲೀಟರ್ ಸಿಗುತ್ತದೆ. ಎಂಟು ತಿಂಗಳ ಒಣಗಾಲಕ್ಕೆ 6,000 ಲೀಟರಿನ ತೊಟ್ಟಿ ಬೇಕು. ಸ್ನಾನಕ್ಕೆ, ಬಟ್ಟೆಗೆ ಬೋರಿನ ನೀರೇ ಇರಲಿ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಿ, ಮರಳು ಜಲ್ಲಿಯಲ್ಲಿ ಸೋಸಿ ತುಂಬಿಸಿ. ತೊಟ್ಟಿಗೆ ಬೆಳಕು ಬೀಳಬಾರದು, ಬಾಯಿಗೆ ಸೊಳ್ಳೆ ಹೋಗದಂತೆ ಬಲೆ ಕಟ್ಟಬೇಕು. ಕುಡಿಯುವ ಮುಂಚೆ ಇದನ್ನೂ ಕುದಿಸಿ.